ಲೈಟ್ ಹಾಕಿದರೆ ಕರೆಂಟು ಹೋಗುವ ಸ್ವಿಚ್ಚು

ಹಾಸನ, ಗುರುವಾರ

ಅಕ್ಕನಿಗೆ ನಮಸ್ಕಾರ.

"ಅನುಶ್ರೀ ಆ ಕಾಲೇಜಿನ ಕತ್ಲೆ ರೂಮಲ್ಲಿ ಅದೇನ್ ಮಾಡ್ತಾಳೋ ನೋಡ್ಕಂಡ್ ಬಾರ್ಲಾ" ಅಂದಿದ್ದೆಯಲ್ಲ, ನೋಡಿದೆ. ನಿನ್ನ ಮಗಳು ಸ್ವಿಚ್ಚು ಮಾಡುತ್ತಿದ್ದಾಳೆ. ಎರಡು ಚಿನ್ನದ ಮೊನೆಗಳ ನಡುವೆ ಒಂದೇ ಒಂದು ಅಣು ಸಿಕ್ಕಿಸುತ್ತಾಳೆ. ಚಿನ್ನ ಅಂತ ಆಸೆಪಡಬೇಡ, ಕಣ್ಣಿಗೇ ಕಾಣುವುದಿಲ್ಲ. ಆ ಅಣುವಿನ ಮೇಲೆ ನೇರಳೆ ಬೆಳಕು ಬಿಟ್ಟರೆ ಕರೆಂಟು ಹರಿಯುತ್ತದಂತೆ, ಬಿಳಿ ಬೆಳಕು ಬಿದ್ದರೆ ನಿಲ್ಲುತ್ತದಂತೆ. ಮೂವತ್ತು ವರ್ಷ ಲೈನ್‌ಮನ್ ಆಗಿ ನುಗ್ಗೇಹಳ್ಳಿ ಕಂಬ ಹತ್ತಿದವನು ನಾನು, ನಂಬಲಿಲ್ಲ.

ಮೊನ್ನೆ ಬೆಳಗ್ಗೆಯಿಂದ ಕಾದು ಮುಸ್ಸಂಜೆಗೆ ಅವಳಿಗೆ ಒಂದು ಅಣು ಸಿಕ್ಕಿತು. ಅದೇ ಹೊತ್ತಿಗೆ ನಾನು, ನೀನು ಕಲಿಸಿದ ಅಭ್ಯಾಸ ನೋಡು, ಎದ್ದು ಟ್ಯೂಬ್‌ಲೈಟ್ ಹಾಕಿ ಕೈ ಮುಗಿದೆ. ಕಂಪ್ಯೂಟರಿನಲ್ಲಿ ಕರೆಂಟು ತೋರಿಸುವ ಗೆರೆ ಮೇಲಿದ್ದದ್ದು ದಬಕ್ಕನೆ ಕೆಳಕ್ಕೆ ಬಿತ್ತು.

"ಮಾವ, ಕೈ ಆಮೇಲ್ ಮುಗಿಯೋರಂತೆ, ಮೊದ್ಲು ಲೈಟ್ ಆರ್ಸಿ" ಅಂದಳು.

ಆರಿಸಿದೆ. ಗೆರೆ ಏಳಲಿಲ್ಲ. ಒಂದು ದಿನದ ಕೆಲಸ ಹಾಳು ಮಾಡಿದೆನಲ್ಲ ಅಂದುಕೊಂಡೆ. ಅವಳು ನೇರಳೆ ಬೆಳಕು ಬಿಟ್ಟಳು, ಗೆರೆ ಮತ್ತೆ ಮೇಲಕ್ಕೆದ್ದಿತು.

"ಇನ್ನೊಂದ್ಸಲ ಬುಡವ್ವ, ನೋಡಾಣ" ಅಂದೆ. ಬೇಡಬೇಡವೆಂದರೂ ಐದು ಸಲ ಮಾಡಿಸಿದೆ.

ಇಲ್ಲಿ ಪೊರೆ ತೆಗೆಸಿದ ನನ್ನ ಕಣ್ಣು ಚೆನ್ನಾಗಿದೆ, ಡ್ರಾಪ್ಸ್ ಇನ್ನೊಂದು ವಾರ ಹಾಕಬೇಕಂತೆ.

ನಿನ್ನೆ ಮುಸ್ಸಂಜೆ ಕೈ ಕಟ್ಟಿಕೊಂಡು ಕತ್ತಲಲ್ಲೇ ಕೂತಿದ್ದೆ. ಅವಳು ನೇರಳೆ ಬೆಳಕು ಹಾಕಿದಳು. ತಿರುಗಿ ನೋಡಿದರೆ ನಿನ್ನ ಮಗಳು ಅದಕ್ಕೆ ಕೈ ಮುಗಿಯುತ್ತಿದ್ದಾಳೆ.

ಕಾರ್ಡು ತುಂಬಿತು.
ಕಾಂತರಾಜು