ಹದಿನಾಲ್ಕನೆಯ ನಿಯಮ ಮತ್ತು ಮಾತು ಬಿಟ್ಟ ಮಗು

ಕುಟುಂಬ ನ್ಯಾಯಾಲಯ ನೇಮಿಸಿದ ಮಕ್ಕಳ ಆಪ್ತಸಮಾಲೋಚನಾ ಕೇಂದ್ರದ ನಿರ್ದೇಶಕರೇ,

ನಿಮ್ಮ ಹದಿನಾಲ್ಕನೆಯ ನಿಯಮ ನನ್ನ ಒಂಬತ್ತು ವರ್ಷದ ಮಗಳ ಬಾಯಿ ಮುಚ್ಚಿಸಿದೆ. ಬರುವ ಮಂಗಳವಾರ ನಿಮ್ಮದೇ ಇಪ್ಪತ್ತನೆಯ ನಿಯಮ ಅವಳ ಕಡತವನ್ನೂ ಮುಚ್ಚಲಿದೆ.

ಬೇರೆಯಾದ ತಂದೆ ತಾಯಿಯರಲ್ಲಿ ಒಬ್ಬರು ನಿಮಗೆ ಏನೇ ಬರೆದರೂ ಅದರ ಪ್ರತಿ ಅದೇ ದಿನ ಇನ್ನೊಬ್ಬರಿಗೆ ಹೋಗಬೇಕು, ಇದು ಹದಿನಾಲ್ಕನೆಯದು. ಚಾಡಿಗೆ ಕಡಿವಾಣ ಹಾಕಲು ಮಾಡಿದ್ದಂತೆ. ಒಪ್ಪಿದೆ. ಹನ್ನೊಂದು ಪುಟದ ನಿಯಮಾವಳಿಯ ಪ್ರತಿ ಪುಟಕ್ಕೂ ಸಹಿ ಹಾಕಿದ್ದೇನೆ. ಇದೇ ಟೊಲೀಡೊ ಊರಿನಲ್ಲಿ ಹತ್ತೊಂಬತ್ತು ವರ್ಷ ಶಾಲಾ ಬಸ್ ಓಡಿಸಿದವನು ನಾನು, ನಿಯಮವೆಂದರೆ ನನಗೂ ಭಕ್ತಿಯೇ.

ಕಳೆದ ತಿಂಗಳು ಒಂದು ಗುರುವಾರ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಡೋನಟ್ ತಿನ್ನುತ್ತಾ, ಅಮ್ಮನ ಮನೆಯಲ್ಲಿ ತನಗೆ ಹೆದರಿಕೆಯಾಗುವ ಒಂದು ಸಂಗತಿ ಹೇಳಿದಳು. ಏನೆಂದು ಇಲ್ಲಿ ಬರೆಯಲಾರೆ. ಒಮ್ಮೆ ಬರೆದು ಬುದ್ಧಿ ಬಂದಿದೆ. ಸಮಾಲೋಚಕರು ಮೆಲ್ಲಗೆ ವಿಚಾರಿಸಲಿ ಎಂದು ಮರುದಿನ ಬೆಳಿಗ್ಗೆ ನಿಮಗೆ ತಿಳಿಸಿದೆ. ಸಂಜೆ ಅವಳನ್ನು ಆ ಮನೆಗೆ ಬಿಡುವಷ್ಟರಲ್ಲಿ ನಿಮ್ಮ ಪ್ರತಿ ಅಲ್ಲಿ ಊಟದ ಮೇಜಿನ ಮೇಲಿತ್ತು. ನಿಮ್ಮ ಕಚೇರಿಯ ಈ ಚುರುಕುತನಕ್ಕೆ ಯಾವ ಬಹುಮಾನ ಕೊಡೋಣ, ಹೇಳಿ? ಅವಳಮ್ಮ ಮಗುವನ್ನು ಎದುರಿಗೆ ಕೂರಿಸಿಕೊಂಡು, ಸಾಲು ಸಾಲು ಓದಿ, ‘ಇದೆಲ್ಲ ನೀನೇ ಹೇಳಿದ್ದಾ?’ ಎಂದು ಕೇಳಿದರಂತೆ. ಅವಳು ನನಗೆ ಹೇಳಿದ ಕೊನೆಯ ಸುದ್ದಿ ಅದು.

ಆಮೇಲೆ ಒಂದು ದಿನ, ‘ಏನು ಪುಟ್ಟಿ, ಸುಮ್ನೆ ಕೂತಿದೀಯಲ್ಲ?’ ಎಂದೆ.

‘ನಿಂಗೆ ಹೇಳಿದ್ರೆ ಬರೀತೀಯ. ಬರೆದ್ರೆ ಅಲ್ಲಿ ಓದ್ತಾರೆ.’

ನಿಮ್ಮ ಸಮಾಲೋಚಕರೆದುರೂ ಅವಳು ಎರಡು ಸಲ, ಐವತ್ತೈವತ್ತು ನಿಮಿಷ, ತುಟಿ ಬಿಚ್ಚಿಲ್ಲ. ‘ಮಗು ಸಹಕರಿಸುತ್ತಿಲ್ಲ’ ಎಂದು ವರದಿ ಬಂತು. ಮಂಗಳವಾರ ಮೂರನೆಯ ಸಲವೂ ಹೀಗಾದರೆ ಇಪ್ಪತ್ತನೆಯ ನಿಯಮದಂತೆ ಕಡತ ಮುಕ್ತಾಯವಂತೆ. ಹೆದರಿದ ಮಗು ಮಾತಾಡದಿದ್ದರೆ ಅದು ಅಸಹಕಾರವೇ? ಹಾಗಾದರೆ ನೀವಿರುವುದು ಯಾವ ಮಕ್ಕಳಿಗಾಗಿ? ನಿಮ್ಮ ಸ್ವಾಗತಕಾರಿಣಿ ಲೊರೆಟಾ ಅವರನ್ನು ಅಂಗಲಾಚಿದೆ. ‘ಅಯ್ಯೋ, ನನ್ ಕೈಲಿ ಏನಿದೆಯಪ್ಪಾ? ರೂಲ್ಸು ಇಬ್ರಿಗೂ ಒಂದೇ,’ ಎಂದರು. ಇಬ್ಬರಿಗೂ ಒಂದೇ, ನಿಜ. ಮೂರನೆಯವಳ ಸಹಿಯನ್ನು ಯಾರೂ ಕೇಳಲಿಲ್ಲ.

ಕೈ ಮುಗಿಯುತ್ತೇನೆ. ಮಗುವಿನ ಬಾಯಿಂದ ಬಂದ ಮಾತು ಸಮಾಲೋಚಕರ ಬಳಿಯೇ ಉಳಿಯಲಿ. ಮಂಗಳವಾರ ಕಡತ ಮುಚ್ಚಬೇಡಿ, ಅವಳಿಗೆ ಇನ್ನಷ್ಟು ದಿನ ಕೊಡಿ. ಈ ಪತ್ರದ ಪ್ರತಿಯನ್ನು ಅವಳಮ್ಮನಿಗೆ ನಾನೇ ಕಳಿಸಿದ್ದೇನೆ. ನಿಮಗೆ ಆ ಶ್ರಮ ಬೇಡ. ಇದನ್ನು ಬಹಿರಂಗ ಪತ್ರವಾಗಿ ಪತ್ರಿಕೆಗೆ ಕೊಡುವ ಮುನ್ನ ಮಗಳಿಗೆ ಪೂರ್ತಿ ಓದಿ ಹೇಳಿ, ‘ಕಳಿಸಲಾ?’ ಎಂದು ಕೇಳಿದೆ. ‘ನನ್ ಹೆಸರು ಹಾಕ್ಬೇಡ. ನಿಂದೂ ಹಾಕ್ಬೇಡ,’ ಎಂದಳು. ‘ಬರೆದ್ರೆ ಅಲ್ಲಿ ಓದ್ತಾರೆ’ ಎಂದ ಮೇಲೆ ಅವಳು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದೇ.

ಇಂತಿ,
ಮಗಳ ಅಪ್ಪಣೆಯಂತೆ ಹೆಸರು ಬಿಟ್ಟ
ಒಬ್ಬ ಅಪ್ಪ