ಪುಸ್ತಕದ ಅಪ್ಪ

ಅಪ್ಪಾ,

ಬದುಕಿದ್ದಾಗ ನಿನ್ನನ್ನು ‘ನೀವು’ ಎನ್ನುತ್ತಿದ್ದೆ. ಸತ್ತು ಒಂಬತ್ತು ವರ್ಷವಾಯಿತು, ಇನ್ನು ‘ನೀನು’ ಸಾಕು.

ನಮ್ಮ ಬಾಲ್ಯದ ಬಗ್ಗೆ ನಾನು ಬರೆದ ಕಾದಂಬರಿಯಲ್ಲಿ ನೀನು ದೇವರಂಥ ಮನುಷ್ಯ. ಹೊಲಿಗೆ ಯಂತ್ರದ ಪಕ್ಕ ನಮ್ಮನ್ನು ಕೂರಿಸಿಕೊಂಡು ಚೂರುಬಟ್ಟೆಯಲ್ಲಿ ಗೊಂಬೆ ಮಾಡಿಕೊಡುತ್ತೀಯ. ಓದಿದವರು ತಂತಮ್ಮ ಅಪ್ಪಂದಿರನ್ನು ನೆನೆದು ಅಳುತ್ತಾರೆ. ನಿನ್ನ ಮರದ ಸ್ಕೇಲಿನ ಏಟುಗಳನ್ನು ಬರೆದಿದ್ದರೆ ಯಾರೂ ಎರಡನೇ ಪುಟ ತಿರುವುತ್ತಿರಲಿಲ್ಲ.

ಇವತ್ತು ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು ತನ್ನಮ್ಮನ ಅಂಗೈಯ ಸುಟ್ಟ ಕಲೆ ಮುಟ್ಟಿ ಇದೇನೆಂದು ಕೇಳಿದಳು.

“ಚಿಕ್ಕವಳಿದ್ದಾಗ ಇಸ್ತ್ರಿಪೆಟ್ಟಿಗೆ ತಾಗಿತ್ತು ಕಣೇ. ನಮ್ಮಪ್ಪ ಕೆಲಸ ಬಿಟ್ಟು ಪಕ್ಕದಲ್ಲೇ ಕೂತು ಊದ್ತಾ ಇದ್ರು. ಅಲ್ವೇನೋ ಅಣ್ಣ?”

ಅದು ನನ್ನ ಏಳನೇ ಅಧ್ಯಾಯ. ಓದಿದ್ದನ್ನೇ ಅವಳು ನೆನಪು ಅಂದುಕೊಂಡಿದ್ದಾಳೆ.

“ಹೂಂ, ಊದ್ತಾ ಇದ್ರು,” ಎಂದೆ.

ತಾಗಿದ್ದಲ್ಲ, ನೀನು ಇಟ್ಟಿದ್ದು. ಗಿರಾಕಿಯ ರೇಷ್ಮೆ ಅಂಗಿ ಸುಟ್ಟು ತೂತಾಗಿತ್ತು. ಅದನ್ನು ಹಿಡಿದು ಯಾರ ಕೆಲಸವೆಂದು ನೀನು ಕೇಳಿದಾಗ ನಾನು ಅವಳತ್ತ ಬೆರಳು ತೋರಿಸಿದೆ. ಅವಳಿಗೆ ಆಗ ಐದು ವರ್ಷ. ಕೆಂಡ ತುಂಬಿದ ಆ ಪೆಟ್ಟಿಗೆಯನ್ನು ಎತ್ತುವ ಶಕ್ತಿ ನಮ್ಮಿಬ್ಬರಲ್ಲಿ ನನಗೊಬ್ಬನಿಗೇ ಇತ್ತು. ಅಷ್ಟೂ ನಿನಗೆ ಹೊಳೆಯಲಿಲ್ಲ.

ನಿನ್ನನ್ನು ಒಳ್ಳೆಯವನನ್ನಾಗಿ ಮಾಡಿದ್ದು ನಿನ್ನ ಮೇಲಿನ ಪ್ರೀತಿಗೆ ಅಂತ ತಿಳಿಯಬೇಡ. ನನ್ನ ಪುಸ್ತಕದಲ್ಲಿ ಆ ಅಂಗಿ ಸುಡುವುದೇ ಇಲ್ಲ.