ಫ್ಲೆಕ್ಸಿನಲ್ಲಿ ನಗುವ ಮಗು

ಪುತ್ತಿಗೆ,
ರಾತ್ರಿ ಎರಡೂಕಾಲು

ಜಯಪ್ರಕಾಶಣ್ಣನಿಗೆ ನಮಸ್ಕಾರ.

ಎರಡು ಗಂಟೆಗೆ ಮೊಬೈಲು ಟಿಣ್ ಎಂದದ್ದಕ್ಕೆ ಎಚ್ಚರವಾಯಿತು. ನಿಮ್ಮ ವಿಸ್ಮಿತಾಳ ಮೆಸೇಜು: "ಮೇಡಂ, ಅಪ್ಪನ ಪ್ರಿಂಟಿಂಗ್ ಅಂಗಡಿಗೆ ಬಂದ ಎಲೆಕ್ಷನಿನವರಿಗೆ ನಮ್ಮ ಪೋಸ್ಟರ್ ಇಷ್ಟ ಆಯ್ತು! ಬೆಳಿಗ್ಗೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್!"

ಪ್ರಚಾರದ ಜಾಹೀರಾತು ನಮ್ಮನ್ನು ಹೇಗೆ ಮರುಳು ಮಾಡುತ್ತದೆ ಎಂದು ನಾನು ಕಾಲೇಜಿನಲ್ಲಿ ಪಾಠ ಮಾಡುವುದು ನಿಮಗೆ ಗೊತ್ತುಂಟಲ್ಲ. ಮಗುವಿನ ನಗು ಓಟು ತರುವುದನ್ನು ತೋರಿಸಲಿಕ್ಕೆ, ಇಲ್ಲದ ಪಕ್ಷವೊಂದಕ್ಕೆ ಕ್ಲಾಸಿನ ಮಕ್ಕಳಿಂದ ಪೋಸ್ಟರ್ ಮಾಡಿಸಿದ್ದೆ. ಯಾರದ್ದೋ ಮಗುವಿನ ಫೋಟೋ ಕದಿಯುವುದು ಬೇಡವೆಂದು ನನ್ನ ಮಗ ಮನ್ವಿತ್‌ನದ್ದೇ ಕೊಟ್ಟೆ. ಈಗ ಅದರ ಕೆಳಗೆ ನಿಜವಾದ ಅಭ್ಯರ್ಥಿಯ ಹೆಸರು ಬರಲಿದೆ.

ವಿಸ್ಮಿತಾಳಿಗೆ ಬೈಯಬೇಡಿ ಅಣ್ಣ, ಖುಷಿಯಲ್ಲಿ ನಿಮಗೆ ತೋರಿಸಿದ್ದಾಳೆ. ಆವತ್ತು ಕ್ಲಾಸಿನಲ್ಲಿ ಅವಳೇ ಕೇಳಿದ್ದಳು, "ಮೇಡಂ, ಮನ್ವಿತ್‌ನ ಪರ್ಮಿಶನ್ ತಗೊಂಡಿದ್ದೀರಾ?" ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ಅಭ್ಯರ್ಥಿ ಒಳ್ಳೆಯವರೇ ಇರಬಹುದು. ಆದರೆ ಅವರಿಗೆ ಆಗದವರು ನಾಳೆ ಇದೇ ಮುಖಕ್ಕೆ ಮಸಿ ಬಳಿಯುತ್ತಾರೆ, ಮೊಬೈಲಿನಲ್ಲಿ ಏನೇನೋ ಬರೆದು ಕಳಿಸುತ್ತಾರೆ. ಇವನಿಗೆ ಇನ್ನೂ ಮಾತೇ ಬರುವುದಿಲ್ಲ.

ದಯವಿಟ್ಟು ಪ್ರಿಂಟ್ ನಿಲ್ಲಿಸಿ. ಮಗುವಿನ ಜಾಗಕ್ಕೆ ಹಸಿರು ಗದ್ದೆ ಹಾಕಿ, ಅದೂ ಓಟು ತರುತ್ತದೆ. ಬೇಕಾದರೆ ನಾನೇ ಕೂತು ಡಿಸೈನ್ ಮಾಡಿಕೊಡ್ತೇನೆ.

ನಿಮ್ಮ ಫೋನ್ ರಿಂಗ್ ಆಗ್ತಾ ಉಂಟು. ಮೆಷಿನಿನ ಸದ್ದಿಗೆ ಕೇಳುತ್ತಿಲ್ಲವೋ ಏನೋ, ಅದಕ್ಕೇ ವಾಟ್ಸಾಪಿನಲ್ಲಿ ಇಷ್ಟುದ್ದ ಬರೆದೆ. ಇದನ್ನು ನೋಡಿದ ಕೂಡಲೇ, ಬೆಳಗಾಗುವ ಮೊದಲು, ಒಂದು ಫೋನ್ ಮಾಡಿ. ಮಗು ಎದ್ದರೂ ಅಡ್ಡಿಯಿಲ್ಲ.

ಭವ್ಯಶ್ರೀ
(ಮನ್ವಿತ್‌ನ ಅಮ್ಮ)